ಕಷಾಯ ಕುದಿಯುವಷ್ಟರಲ್ಲಿ ಉಸಿರು ಎಣಿಸಿ

ನಮ್ಮ ಮೊಸಳೆಗೆ ಹೊರಗಿನವರು ಬರುವುದು ಜೋಡಿ ಗುಡಿ ನೋಡಲು. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್ ಬಂದರೆ ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ದೇವಸ್ಥಾನಗಳು ಅಣ್ಣತಮ್ಮಂದಿರ ಹಾಗೆ ಅಕ್ಕಪಕ್ಕ ನಿಂತಿವೆ. ಆದರೆ ಊರಿನವರು ನಮ್ಮ ಮನೆಗೆ ಬರುವುದು ದೊಡ್ಡಪತ್ರೆ ಕೇಳಿಕೊಂಡು. ಮಳೆಗಾಲ ಮುಗಿದು ಬೆಳಗಿನ ಹೊತ್ತು ಮಂಜು ಕೂರಲು ಶುರುವಾದರೆ ಸಾಕು, "ದೊಡ್ಡಮ್ಮಾ, ನಾಲ್ಕು ಎಲೆ ಕಿತ್ಕೊಳ್ಳಾ?" ಅನ್ನುವ ದನಿ ಹಿತ್ತಿಲಿನಿಂದ ದಿನಕ್ಕೆರಡು ಸಲವಾದರೂ ಕೇಳುತ್ತದೆ.

ಹಿತ್ತಿಲು ದೊಡ್ಡದೇನಲ್ಲ. ಬಚ್ಚಲ ನೀರು ಹರಿಯುವ ಕಡೆ ದೊಡ್ಡಪತ್ರೆ, ಮುಂದೆ ತುಳಸಿ, ತೆಂಗಿನ ಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ, ಬೇಲಿ ಉದ್ದಕ್ಕೂ ಆಡುಸೋಗೆ. ಶುಂಠಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ, ಹೊಲಗಟ್ಟಲೆ ಬೆಳೆಯುತ್ತಾರೆ. ಕಾಳುಮೆಣಸು ಸಕಲೇಶಪುರದ ನೆಂಟರ ತೋಟದಿಂದ ಬರುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ನಲವತ್ತು ವರ್ಷದಿಂದ ಮನೆಯವರ ನೆಗಡಿ ಕೆಮ್ಮನ್ನು ನಾನೇ ನೋಡಿಕೊಂಡಿದ್ದೇನೆ. ಆ ಜಂಬವೂ ನನಗೆ ಸ್ವಲ್ಪ ಇತ್ತು. ಕಳೆದ ದಸರೆಯಲ್ಲಿ ಅದು ಇಳಿಯಿತು. ಹೇಗೆ ಅಂತ ಹೇಳುತ್ತೇನೆ.

2025ರ ಅಕ್ಟೋಬರ್. ಬೆಂಗಳೂರಿನಿಂದ ಮಗಳು ಇಬ್ಬರು ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದಿದ್ದಳು. ದೊಡ್ಡವಳು ನಾಲ್ಕನೇ ಕ್ಲಾಸು, ಚಿಕ್ಕವನಿಗೆ ಎಂಟು ತಿಂಗಳು. ಬಂದ ಮೂರನೇ ದಿನಕ್ಕೆ ಇಬ್ಬರಿಗೂ ಮೂಗು ಸೋರತೊಡಗಿತು. ಅದೇ ವಾರ ಟೀವಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಸುದ್ದಿ. ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಕೊನೆಗೆ ಆ ಲೆಕ್ಕ ಇಪ್ಪತ್ತನ್ನು ದಾಟಿತು. ಸಿರಪ್ಪಿನಲ್ಲಿ ಸಿಕ್ಕಿದ್ದು ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ. ಕಾರ್ಖಾನೆಗಳಲ್ಲಿ ಬಳಸುವ ದ್ರವ ಅದು, ಕುಡಿಯುವ ವಸ್ತುವೇ ಅಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲೂ ನಮ್ಮ ದೇಶದಿಂದ ಹೋದ ಸಿರಪ್ಪಿನಿಂದ ಇಂಥದ್ದೇ ಅನಾಹುತ ಆಗಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ ಕೆಮ್ಮಿನ ಸಿರಪ್ ಕೊಡಲೇಬೇಡಿ, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಸೂಚನೆ ಹೊರಡಿಸಿತು.

ಮಗಳು ಬ್ಯಾಗಿನಲ್ಲಿದ್ದ ಸಿರಪ್ ಬಾಟಲಿ ತೆಗೆದು ಎಸೆದಳು. "ಅವ್ವಾ, ಇನ್ಮೇಲೆ ನೀನುಂಟು ನಿನ್ನ ಕಷಾಯ ಉಂಟು" ಅಂದಳು. ಮೊದಲು "ಅದೆಲ್ಲ ಹಳೇ ಕಾಲದ್ದು ಕಣವ್ವ" ಅನ್ನುತ್ತಿದ್ದವಳು! ನನಗೆ ಒಳಗೊಳಗೇ ಖುಷಿ.

ದೊಡ್ಡವಳಿಗೆ ನನ್ನ ಮದ್ದು ಚೆನ್ನಾಗಿಯೇ ಹಿಡಿಯಿತು. ಅವಳೇ ಪುಸ್ತಕದಲ್ಲಿ ಬರೆದುಕೊಂಡಳು, ನೀವೂ ಬೇಕಾದರೆ ಬರೆದುಕೊಳ್ಳಿ. ಎರಡು ಲೋಟ ನೀರಿಗೆ ಹೆಬ್ಬೆರಳಿನ ತುದಿಯಷ್ಟು ಹಸಿ ಶುಂಠಿ ಜಜ್ಜಿ ಹಾಕಬೇಕು. ಎರಡು ಚಮಚ ಧನಿಯ, ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಇವನ್ನು ಬೆಚ್ಚಗೆ ಹುರಿದು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ ಸೇರಿಸಬೇಕು. ತುಳಸಿ ಒಂದು ಹಿಡಿ. ಎರಡು ಲೋಟ ಒಂದಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಬೆಲ್ಲ ಹಾಕಿ ಸೋಸಬೇಕು. ಇದು ದೊಡ್ಡವರ ಲೆಕ್ಕ. ಶಾಲೆಗೆ ಹೋಗುವ ಮಕ್ಕಳಿಗೆ ಮೆಣಸು ಎರಡೇ ಕಾಳು ಸಾಕು, ಕಾಲು ಲೋಟ ಕುಡಿದರೆ ಸಾಕು. ಹೆಚ್ಚು ಖಾರವಾದರೆ ಹೆಚ್ಚು ಗುಣ ಎಂದು ಕೆಲವರು ತಿಳಿದಿದ್ದಾರೆ. ಹೊಟ್ಟೆ ಉರಿಯುತ್ತದೆ, ಅಷ್ಟೇ.

"ಅಜ್ಜಿ, ಇದು ವೈರಸ್ಸನ್ನ ಸಾಯಿಸುತ್ತಾ?" ಎಂದು ಕೇಳಿದಳು. ಇಲ್ಲ. ನೆಗಡಿ ತರುವುದು ವೈರಸ್ಸು, ಅದನ್ನು ಓಡಿಸುವುದು ನಮ್ಮ ಮೈಯೇ. ಮದ್ದು ಕುಡಿದರೆ ಏಳು ದಿನ, ಕುಡಿಯದಿದ್ದರೆ ಒಂದು ವಾರ ಅಂತ ಹಿರಿಯರು ನಗೆಯಾಡುವುದು ಸುಳ್ಳಲ್ಲ. ಬಿಸಿ ಕಷಾಯ ಕಟ್ಟಿದ ಕಫವನ್ನು ಸಡಿಲ ಮಾಡುತ್ತದೆ, ಕೆರೆಯುವ ಗಂಟಲಿಗೆ ಹಿತ ಕೊಡುತ್ತದೆ. ಮೆಣಸಿನ ಖಾರಕ್ಕೆ ಮೂಗು ಸುರಿದು ಹಗುರವಾಗುತ್ತದೆ. ನಾಟಿ ಕೋಳಿ ಸಾರಿಗೆ, ಹುರುಳಿ ಕಾಳಿನ ಬಸ್ಸಾರಿಗೆ ಒಂದಿಷ್ಟು ಮೆಣಸು ಜಾಸ್ತಿ ಹಾಕಿ ಕುಡಿಯುವುದೂ ಇದಕ್ಕೇ. ಇನ್ನೊಂದು ವಿಷಯ ಮಕ್ಕಳಿಗೆ ಇಷ್ಟವಾಗಬಹುದು: ಒಣ ಶುಂಠಿ ಹಸಿ ಶುಂಠಿಗಿಂತ ಖಾರ. ಹಸಿಯಲ್ಲಿರುವ ಜಿಂಜರಾಲ್ ಎಂಬ ಅಂಶ ಒಣಗುವಾಗ ಶೋಗಾಲ್ ಎಂಬ ಇನ್ನೂ ಖಾರದ ಅಂಶವಾಗಿ ಬದಲಾಗುತ್ತದೆ. ಅದಕ್ಕೇ ಒಣ ಶುಂಠಿಯನ್ನು ಚಿಟಿಕೆಯಲ್ಲಿ ಅಳೆಯುವುದು.

ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ. ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ವೈದ್ಯರು ಕೆಮ್ಮುತ್ತಿದ್ದ 105 ಮಕ್ಕಳಲ್ಲಿ ಕೆಲವರಿಗೆ ಜೇನು, ಕೆಲವರಿಗೆ ಕೆಮ್ಮಿನ ಔಷಧಿ ಕೊಟ್ಟು, ಉಳಿದವರಿಗೆ ಏನೂ ಕೊಡದೆ ನೋಡಿದರು. ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದು ತಂದೆತಾಯಿ ಹೆಚ್ಚು ಅಂಕ ಕೊಟ್ಟಿದ್ದು ಜೇನಿಗೆ.

ಬೇಲಿಯ ಆಡುಸೋಗೆಯ ಕಥೆ ಇದಕ್ಕಿಂತ ದೊಡ್ಡದು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವಲ್ಲ, ಆ ಆಡೂ ಮುಟ್ಟದಷ್ಟು ಕಹಿ ಇದು. ಆಡುಮುಟ್ಟದ ಸೊಪ್ಪು ಎಂದೇ ಇದಕ್ಕೆ ಇನ್ನೊಂದು ಹೆಸರು. ಎಲೆಯನ್ನು ಕಾವಲಿ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸಿ ನಮ್ಮವ್ವ ಕಟ್ಟಿದ ಕಫಕ್ಕೆ ಕೊಡುತ್ತಿದ್ದಳು. ಇದರೊಳಗಿನ ವ್ಯಾಸಿಸಿನ್ ಎಂಬ ಸಾರವನ್ನು ನೋಡಿಯೇ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ಮಾಡಿದರು. ಕಫ ಕರಗಿಸಲೆಂದು ಡಾಕ್ಟರು ಬರೆಯುವ ಎಷ್ಟೋ ಸಿರಪ್ಪುಗಳ ಮೇಲೆ ಇಂದಿಗೂ ಆ ಹೆಸರಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವವರಿಗೆ ನಾನು ಈ ಬೇಲಿ ತೋರಿಸುತ್ತೇನೆ. ಆದರೆ ಮದ್ದು ಅಂದಮೇಲೆ ಅದಕ್ಕೆ ಮದ್ದಿನ ಭಯವೂ ಇರಬೇಕು. ಬಸುರಿಯರಿಗೆ ಆಡುಸೋಗೆ ಕೊಡಬಾರದು, ಗರ್ಭಕೋಶವನ್ನು ಹಿಂಡುವ ಗುಣ ಅದಕ್ಕಿದೆ. ಆಡುಮುಟ್ಟದ ಬಳ್ಳಿ ಅಂತ ಬೇರೆಯದೇ ಒಂದು ಬಳ್ಳಿಯೂ ಇದೆ, ಅದನ್ನು ತಿಂದರೆ ವಾಂತಿಯಾಗುತ್ತದೆ. ಹೆಸರು ಕೇಳಿ ಗಿಡ ಕೀಳಬೇಡಿ, ಬಲ್ಲವರಿಂದ ಗಿಡ ನೋಡಿ ತಿಳಿದುಕೊಳ್ಳಿ.

ಈಗ ಚಿಕ್ಕವನ ವಿಷಯಕ್ಕೆ ಬರುತ್ತೇನೆ.

ಎರಡು ದಿನ ಮೂಗು ಸೋರಿ, ಮೂರನೇ ದಿನ ಮೈ ಬಿಸಿಯಾಯಿತು. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ದೊಡ್ಡಪತ್ರೆ ಎಲೆ ಬೆಚ್ಚಗೆ ಮಾಡಿ ನೆತ್ತಿಗೆ ಇಟ್ಟೆ. ಸಂಜೆ ಬಜೆ ತೇದು ಜೇನಿನಲ್ಲಿ ನೆಕ್ಕಿಸೋಣ ಅಂತ ಒರಳುಕಲ್ಲು ತೊಳೆದಿಟ್ಟಿದ್ದೆ. ನನ್ನ ಮಕ್ಕಳಿಗೆಲ್ಲ ಮಾಡಿದ್ದೇ ಹಾಗೆ. ಕೂಸು ಹಾಲು ಕುಡಿಯಲು ಮೊಲೆ ಹಿಡಿದು ಹಿಡಿದು ಬಿಡುತ್ತಿತ್ತು. "ಮೂಗು ಕಟ್ಟಿದೆ, ಅದಕ್ಕೆ" ಅಂದೆ.

ಆ ಹೊತ್ತಿಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ದೊಡ್ಡಪತ್ರೆಗೆ ಬಂದಳು. ಎಲೆ ಕೀಳುವ ಮೊದಲು ತೊಟ್ಟಿಲಿಗೆ ಬಗ್ಗಿ ನೋಡಿದಳು. "ದೊಡ್ಡಮ್ಮಾ, ಉಸಿರು ಎಣಿಸಿದ್ರಾ?" ಅಂದಳು. ನಲವತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಅವಳ ಕೈಯಲ್ಲಿ ಗಡಿಯಾರ ಇರಲಿಲ್ಲ. ಮೊಮ್ಮಗಳು ತನ್ನ ವಾಚು ಬಿಚ್ಚಿ ಕೊಡಲು ಬಂದಳು. "ನೀನೇ ಎಣ್ಸು ಪುಟ್ಟಿ, ಹೇಳ್ಕೊಡ್ತೀನಿ" ಅಂದಳು ಆಶಾ.

ಕೂಸು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲಕ್ಕೆ ಸರಿಸಿ ಹೊಟ್ಟೆ ಎದೆ ಕಾಣುವ ಹಾಗೆ ಮಾಡಬೇಕು. ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬಾರದು, ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಮೊಮ್ಮಗಳು ತುಟಿ ಅಲ್ಲಾಡಿಸುತ್ತಾ ಎಣಿಸಿದಳು. ಐವತ್ತೆಂಟು. ಇನ್ನೊಮ್ಮೆ ಎಣಿಸಿದಾಗ ಅರವತ್ತು.

ಎರಡು ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಅಷ್ಟಾದರೂ, ಅದನ್ನು ಮೀರಿದರೂ ನ್ಯುಮೋನಿಯಾ ಇರಬಹುದೆಂದು ಹೆದರಬೇಕು. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಲೆಕ್ಕ ಇದು, ನಮ್ಮ ಆಶಾಗಳಿಗೂ ಇದನ್ನೇ ಕಲಿಸುತ್ತಾರೆ. ಆಕೆ ಇನ್ನೊಂದು ತೋರಿಸಿದಳು. ಉಸಿರು ಎಳೆದಾಗ ಎದೆಯ ಕೆಳಭಾಗ ಪಕ್ಕೆಲುಬಿನ ಹತ್ತಿರ ಒಳಕ್ಕೆ ಗುಳಿ ಬೀಳುತ್ತಿತ್ತು. ಮೂರು ದಿನದಿಂದ ಎತ್ತಿ ಆಡಿಸಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬಟ್ಟೆ ಹೊದಿಸಿ ಬೆಚ್ಚಗಿಡುವುದರಲ್ಲೇ ನಾನಿದ್ದೆ.

"ಜೇನು ಕೊಟ್ಟಿದ್ದೀರಾ?"

"ಇನ್ನೂ ಇಲ್ಲ, ಈಗ ಕೊಡ್ಬೇಕು ಅಂತಿದ್ದೆ."

"ಸದ್ಯ. ವರ್ಷ ತುಂಬೋವರೆಗೆ ಜೇನು ಮುಟ್ಟಿಸಬೇಡಿ ದೊಡ್ಡಮ್ಮಾ."

ಜೇನಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣು ಇರಬಹುದಂತೆ. ದೊಡ್ಡವರ ಕರುಳಿನಲ್ಲಿ ಅದು ಬೆಳೆಯುವುದಿಲ್ಲ. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಕೂಸು ಸೋತು, ಹಾಲು ಚೀಪುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಉಸಿರೇ ನಿಲ್ಲಬಹುದು. ಬೊಟುಲಿಸಂ ಎಂದು ಅದರ ಹೆಸರು. ಮನೆಯಲ್ಲಿ ಎಷ್ಟು ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆಗ ಕೇಳುತ್ತಾ ಕೂರುವಷ್ಟು ಹೊತ್ತಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಹಾಸನಕ್ಕೆ ಹೊರಟೆವು. ಒಲೆ ಮೇಲಿದ್ದ ಕಷಾಯ ಸೀದು ಹೋಗಿತ್ತು, ಅದು ಗೊತ್ತಾಗಿದ್ದು ಮಾರನೇ ದಿನ.

ನ್ಯುಮೋನಿಯಾವೇ ಆಗಿತ್ತು. ಆಮ್ಲಜನಕ ಇಟ್ಟು, ಇಂಜೆಕ್ಷನ್ ಕೊಟ್ಟು ನಾಲ್ಕು ದಿನ ಇರಿಸಿಕೊಂಡರು. ಇನ್ನೊಂದು ರಾತ್ರಿ ಮನೆಯಲ್ಲೇ ಇಟ್ಟುಕೊಂಡಿದ್ದರೆ ಕಷ್ಟವಾಗುತ್ತಿತ್ತು ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದಾಗ ಮಗಳು ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ನಾಲ್ಕನೇ ದಿನ ಕೂಸು ನನ್ನ ಕಿವಿ ಓಲೆ ಹಿಡಿದು ಎಳೆದ ಮೇಲೆ ಇಬ್ಬರೂ ಅತ್ತೆವು.

ಆ ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ, ಆದರೆ ಏನೇನು ಮಾಡುತ್ತೇನೆಂದು ಕೂರಿಸಿಕೊಂಡು ಕೇಳಿದರು. ದೊಡ್ಡ ಮಕ್ಕಳಿಗೆ ಕಷಾಯ, ಅರಿಶಿನದ ಹಾಲು, ದೊಡ್ಡಪತ್ರೆ ತಂಬುಳಿ ಇರಲಿ ಅಂದರು. ಆರು ತಿಂಗಳವರೆಗಿನ ಕೂಸಿಗೆ ತಾಯಿ ಹಾಲು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು, ನೆಗಡಿಯಾದರೆ ಹಾಲನ್ನೇ ಇನ್ನಷ್ಟು ಸಲ ಕುಡಿಸಬೇಕು. ಕಟ್ಟಿದ ಮೂಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಕರ್ಪೂರ ಬೆರೆಸಿದ ಎಣ್ಣೆಯನ್ನು ಕೂಸಿನ ಎದೆಗೆ ಮೂಗಿಗೆ ಹಚ್ಚಬಾರದು, ಕರ್ಪೂರ ಮೈಗೆ ಸೇರಿದರೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ ಮಕ್ಕಳ ಕೈಗೆ ಸಿಗದ ಕಡೆ ಇರಬೇಕು. ಕುದಿಯುವ ಪಾತ್ರೆ ಇಟ್ಟು ಕಂಬಳಿ ಹೊದಿಸಿ ಹಬೆ ಹಿಡಿಸುವುದು ಸಣ್ಣ ಮಕ್ಕಳಿಗೆ ಬೇಡವೇ ಬೇಡ, ನೀರು ಚೆಲ್ಲಿ ಸುಟ್ಟುಕೊಂಡು ಬರುವ ಮಕ್ಕಳನ್ನು ಅವರು ನೋಡಿದ್ದಾರೆ. ಸಾಂಬ್ರಾಣಿ ಹೊಗೆ, ಸೌದೆ ಒಲೆ ಹೊಗೆ ಎರಡೂ ಕೂಸಿನ ಶ್ವಾಸಕೋಶಕ್ಕೆ ಕೆಟ್ಟದ್ದು. ಸಾಂಬ್ರಾಣಿ ಬಿಡುವುದು ನನಗೆ ಬಹಳ ಕಷ್ಟವಾಯಿತು. ಎಣ್ಣೆನೀರು ಹಾಕಿದ ಕೂಸಿನ ತಲೆಯ ಆ ವಾಸನೆಗೆ ಸಮ ಯಾವುದಿದೆ? ಬಿಟ್ಟಿದ್ದೇನೆ.

ನ್ಯುಮೋನಿಯಾಗೆ ಒಂದು ಲಸಿಕೆಯೂ ಇದೆ, ಪಿಸಿವಿ ಎಂದು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ. ಎಲ್ಲ ಬಗೆಯ ನ್ಯುಮೋನಿಯಾವನ್ನೂ ಅದು ತಡೆಯುವುದಿಲ್ಲ, ಆದರೂ ತಾಯಿ ಕಾರ್ಡು ತೆಗೆದು ನೋಡಿ. ನನ್ನ ವಯಸ್ಸಿನವರಿಗೂ ಒಂದು ಮಾತು: ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಕಾಸುತ್ತಾ ಕೂರದೆ ಕಫ ಪರೀಕ್ಷೆ ಮಾಡಿಸಿ. ಕ್ಷಯ ಬೇಗ ಗೊತ್ತಾದರೆ ವಾಸಿಯಾಗುತ್ತದೆ.

ಮೊಮ್ಮಗಳು ಊರಿಗೆ ಹೊರಡುವ ಮುಂಚೆ ಅಡಿಗೆಮನೆ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿ ಹೋದಳು. 60, 50, 40 ಎಂದು ದಪ್ಪ ಅಕ್ಷರ, ಕೆಳಗೆ "ಹಾಲು ಕುಡಿಯದಿದ್ದರೆ, ಎದೆ ಗುಳಿ ಬಿದ್ದರೆ, ಮಂಕಾಗಿದ್ದರೆ, ಫಿಟ್ಸ್ ಬಂದರೆ ಎಣಿಸುತ್ತಾ ಕೂರಬೇಡ ಅಜ್ಜಿ, ಓಡು" ಎಂದು ಬರೆದಿದ್ದಾಳೆ. ಮೊಣಕಾಲು ನೋವಿನವಳಿಗೆ ಓಡು ಅಂತೆ. ದೊಡ್ಡಪತ್ರೆ ಕೇಳಿ ಬಂದವರನ್ನು ಈಗ ಮೊದಲು ಬೀರುವಿನ ಹತ್ತಿರ ಕರೆದುಕೊಂಡು ಹೋಗಿ ಆ ಹಾಳೆ ಓದಿಸುತ್ತೇನೆ, ಆಮೇಲೆ ಎಲೆ.

ಫೆಬ್ರವರಿಯಲ್ಲಿ ಚಿಕ್ಕವನಿಗೆ ವರ್ಷ ತುಂಬಿತು. ಅದಾದ ಹದಿನೈದು ದಿನಕ್ಕೆ ರಾತ್ರಿ ಫೋನು ಬಂತು.

"ಅಜ್ಜಿ, ಪಾಪುಗೆ ಮತ್ತೆ ನೆಗಡಿ, ಕೆಮ್ಮು. ಎಣಿಸಿದೆ. ಮೂವತ್ತನಾಲ್ಕು."

"ಎದೆ?"

"ಗುಳಿ ಇಲ್ಲ. ಹಾಲು ಕುಡಿದ. ನನ್ನ ಪೆನ್ಸಿಲ್ ಕಚ್ಚಿದ. ಈಗ ಜೇನು ಕೊಡಬಹುದಲ್ವಾ?"

"ಕೊಡಬಹುದು ಕಣೆ. ಅರ್ಧ ಚಮಚ. ಬೆಳಿಗ್ಗೆ ಎದ್ದ ತಕ್ಷಣ ಇನ್ನೊಂದ್ಸಲ ಎಣಿಸಿ ನನಗೆ ಹೇಳು" ಅಂದೆ.