ಹೊಳೆಯ ಮೇಲೆ ಗಾಳಿಪಟಗಳ ಕಾಳಗ

ಆಷಾಢ ಮಾಸದಲ್ಲಿ ಪಡುವಣ ಗಾಳಿಯು ಸಹ್ಯಾದ್ರಿಯನ್ನು ದಾಟಿ ನಮ್ಮ ಬಯಲಿಗೆ ಇಳಿಯುತ್ತದೆ. ಮಳೆಯ ಬಹುಪಾಲನ್ನು ಘಟ್ಟದಲ್ಲಿಯೇ ಸುರಿಸಿ ಬಂದ ಈ ಗಾಳಿಯು ನಿಪ್ಪಾಣಿ, ಚಿಕ್ಕೋಡಿಗಳನ್ನು ಹಾಯ್ದು ರಾಯಬಾಗ, ಕಾಗವಾಡ, ಅಥಣಿಗಳ ಕಡೆಗೆ ಸಾಗಿದಂತೆ ಇನ್ನೂ ಒಣಗುತ್ತ ಹೋಗುತ್ತದೆ. ಇದರಿಂದ ರೈತನಿಗೆ ಚಿಂತೆ, ಪತಂಗ ಹಾರಿಸುವ ಹುಡುಗನಿಗೆ ಸಂತೋಷ. ಕಾಗದದ ಪಟಕ್ಕೆ ಬೇಕಾದುದು ಮಳೆಯಿಲ್ಲದ ಗಾಳಿಯಲ್ಲವೆ?

ಬೆಳಗಾವಿಯಲ್ಲಿ ಜನವರಿ ತಿಂಗಳಿನಲ್ಲಿ ಹಲವು ವರ್ಷ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ನಡೆದಿದೆ. ಪರದೇಶಗಳಿಂದ ಬಂದ ಬಗೆಬಗೆಯ ಪಟಗಳನ್ನು ನಮ್ಮ ಭಾಗದ ಅನೇಕ ವಿದ್ಯಾರ್ಥಿಗಳು ಅಲ್ಲಿ ಕಂಡಿರಬಹುದು. ಆದರೆ ಪಟ ಹಾರಿಸುವುದನ್ನು ಊರಿಗೆ ಊರೇ ಕೂಡಿ ನಡೆಸುವ ಹಬ್ಬವಾಗಿ ಬೆಳೆಸಿದವರಲ್ಲಿ ಜಪಾನೀಯರು ಮುಖ್ಯರು. ಅವರ ಹಬ್ಬಗಳನ್ನು ತುಸು ನೋಡಿ, ಅವುಗಳಿಂದ ನಮಗೆ ದೊರೆಯುವ ಪಾಠವೇನೆಂಬುದನ್ನು ವಿಚಾರಿಸೋಣ.

ನೀಗಾಟಾ ನಗರಕ್ಕೆ ಸೇರಿದ ಶಿರೋನೆ ಎಂಬಲ್ಲಿ ಜೂನ್ ತಿಂಗಳಿನಲ್ಲಿ ನಕನೊಕುಚಿ ಹೊಳೆಯ ಎರಡು ದಂಡೆಗಳ ಮೇಲೆ ಎರಡು ಪಕ್ಷಗಳು ನಿಲ್ಲುತ್ತವೆ. ಒಂದೊಂದು ಪಟವೂ ಸುಮಾರು 7 ಮೀಟರ್ ಉದ್ದ, 5 ಮೀಟರ್ ಅಗಲ. ಎರಡೂ ಪಟಗಳು ಹೊಳೆಯ ಮೇಲೆ ಒಂದಕ್ಕೊಂದು ತೊಡರಿ ನೀರಿಗೆ ಬಿದ್ದೊಡನೆ ಹಗ್ಗ ಜಗ್ಗುವ ಪಂದ್ಯ ಆರಂಭವಾಗುತ್ತದೆ. ಎದುರಾಳಿಯ ಹಗ್ಗವನ್ನು ಹರಿದವರೇ ಗೆದ್ದವರು. ಸುಮಾರು 300 ವರ್ಷಗಳಿಂದ ಈ ಕಾಳಗ ನಡೆದು ಬಂದಿದೆ. ಹಮಮಾತ್ಸು ನಗರದಲ್ಲಿ ಮೇ 3ರಿಂದ 5ರವರೆಗೆ ಸಮುದ್ರತೀರದ ಮರಳುದಿಬ್ಬಗಳ ಬಳಿ ಓಣಿ ಓಣಿಯವರೂ ತಮ್ಮ ತಮ್ಮ ಪಟಗಳನ್ನು ಏರಿಸಿ ಕಾದಾಡುತ್ತಾರೆ.

ಕಸುಕಾಬೆಯ ಪಟವಂತೂ ಇವೆಲ್ಲವನ್ನೂ ಮೀರಿಸುತ್ತದೆ. ಬಿದಿರು ಮತ್ತು ಕೈಕಾಗದಗಳಿಂದ ಮಾಡಿದ ಈ ಪಟದ ಉದ್ದ 15 ಮೀಟರ್, ಅಗಲ 11 ಮೀಟರ್, ತೂಕ ಸುಮಾರು 800 ಕಿಲೋಗ್ರಾಮ್! ಇಷ್ಟು ಭಾರವನ್ನು ಬರಿಯ ಗಾಳಿ ಎತ್ತುವುದು ಹೇಗೆ?

ಓರೆಯಾಗಿ ನಿಂತ ಪಟವು ತನಗೆ ತಾಗಿದ ಗಾಳಿಯನ್ನು ಕೆಳಮುಖವಾಗಿ ತಿರುಗಿಸುತ್ತದೆ. ಅದರ ಪ್ರತಿಕ್ರಿಯೆಯಾಗಿ ಗಾಳಿಯು ಪಟವನ್ನು ಮೇಲಕ್ಕೆ ನೂಕುತ್ತದೆ. ಈ ಓರೆಯನ್ನು ನಿರ್ಧರಿಸುವುದೇ ನಾವು ಪಟಕ್ಕೆ ಕಟ್ಟುವ ಸೂತ್ರ. ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಮ್. ಅದು ಸೆಕೆಂಡಿಗೆ 10 ಮೀಟರ್ ವೇಗದಿಂದ ಬೀಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಮ್ ತೂಕದಷ್ಟು ಒತ್ತಡ ಉಂಟಾಗುತ್ತದೆ. ಕಸುಕಾಬೆಯ ಪಟದ ವಿಸ್ತಾರ 165 ಚದರ ಮೀಟರ್. ಆದುದರಿಂದ ಒಟ್ಟು ಒತ್ತಡ ಸುಮಾರು 1,000 ಕಿಲೋಗ್ರಾಮ್. ಓರೆ ಸರಿಯಾಗಿದ್ದು ಅದರ ಐದರಲ್ಲಿ ನಾಲ್ಕು ಪಾಲು ಎತ್ತುವ ಬಲವಾಗಿ ಒದಗಿದರೂ 800 ಕಿಲೋಗ್ರಾಮ್ ಆಯಿತು!

ಇಲ್ಲಿಯೇ ಅಪಾಯವೂ ಇದೆ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದು. ಗಾಳಿಯ ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ, ವೇಗ ಅರ್ಧಕ್ಕೆ ಇಳಿದರೆ ಬಲ ಕಾಲುಭಾಗಕ್ಕೆ ಕುಸಿಯುತ್ತದೆ. 2015ರ ಮೇ ತಿಂಗಳಿನಲ್ಲಿ ಹಿಗಾಶಿ ಓಮಿ ಎಂಬ ಊರಿನ ಹಬ್ಬದಲ್ಲಿ ಸುಮಾರು 700 ಕಿಲೋಗ್ರಾಮ್ ತೂಕದ ಪಟವು ನೋಡುಗರ ಮೇಲೆ ಬಿದ್ದು ಒಬ್ಬರು ಸತ್ತರು. ಆಟದ ಸಾಧನವಾದರೂ ಪಟವು ಪ್ರಕೃತಿಯ ನಿಯಮಕ್ಕೆ ಒಳಗಾದುದೇ.

ನಮ್ಮಲ್ಲಿ ಅಪಾಯವಿರುವುದು ಪಟದಲ್ಲಲ್ಲ, ದಾರದಲ್ಲಿ. ಗಾಜಿನ ಪುಡಿ ಬಳಿದ ಮಾಂಜಾದ ಅಂಚು ಬಹು ಸಣ್ಣದು. ಅಲ್ಪ ಬಲವೂ ಅತಿ ಕಿರಿದಾದ ಜಾಗದ ಮೇಲೆ ಬಿದ್ದಾಗ ಒತ್ತಡ ಅಪಾರವಾಗುತ್ತದೆ. ದ್ವಿಚಕ್ರ ವಾಹನದ ವೇಗವೂ ಅದಕ್ಕೆ ಕೂಡಿದರೆ ದಾರವು ಕತ್ತಿಯೇ ಆಗುತ್ತದೆ. 2022ರಲ್ಲಿ ಬೆಳಗಾವಿಯಲ್ಲಿ ಎಳೆಯ ಬಾಲಕನೊಬ್ಬನು ಹೀಗೆಯೇ ಪ್ರಾಣ ಕಳೆದುಕೊಂಡನು. ನೈಲಾನ್ ದಾರವು ಮಣ್ಣಿನಲ್ಲಿ ಬೇಗನೆ ಕೊಳೆಯುವುದೂ ಇಲ್ಲ. ಮರದಲ್ಲಿ ತೊಡಕಿಕೊಂಡು ತಿಂಗಳುಗಟ್ಟಲೆ ಹಕ್ಕಿಗಳಿಗೆ ಉರುಲಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರ ಜುಲೈ 11ರಂದು ಇಂಥ ಕೃತಕ ನೂಲಿನ ಮಾಂಜಾವನ್ನು ದೇಶದಲ್ಲೆಲ್ಲ ನಿಷೇಧಿಸಿತು.

ಹಾಗಾದರೆ ಗಾಜಿಲ್ಲದೆ ಕಾಳಗವೇ ಇಲ್ಲವೆ? ಹಮಮಾತ್ಸುವಿನವರು ನಾರಿನ ದಪ್ಪ ಹುರಿಗಳನ್ನು ಒಂದಕ್ಕೊಂದು ಉಜ್ಜಿ, ಘರ್ಷಣೆಯಿಂದಲೇ ಕಡಿಯುತ್ತಾರೆ. ಇದರ ಮರ್ಮವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಮೊಳೆಗಳ ನಡುವೆ ಹತ್ತಿಯ ದಾರವೊಂದನ್ನು ಬಿಗಿಯಾಗಿ ಕಟ್ಟಿರಿ. ಅಂಥದೇ ಇನ್ನೊಂದು ಉದ್ದನೆಯ ದಾರವನ್ನು ಅದರ ಮೇಲೆ ಹಾಯಿಸಿ, ಎರಡೂ ತುದಿಗಳನ್ನು ಹಿಡಿದು ಹಿಂದೆ ಮುಂದೆ ಜಗ್ಗಿರಿ. ಮೊದಲು ಹರಿಯುವುದು ಕಟ್ಟಿದ ದಾರವೇ. ನಿಂತ ದಾರದ ಒಂದೇ ಬಿಂದುವಿನ ಮೇಲೆ ಎಲ್ಲ ಸವೆತವೂ ಶಾಖವೂ ಬೀಳುತ್ತವೆ. ಓಡುವ ದಾರದಲ್ಲಿ ಅವು ಉದ್ದಕ್ಕೂ ಹಂಚಿಹೋಗುತ್ತವೆ. ಜಾಣ ಆಟಗಾರನು ಸರಿಯಾದ ಹೊತ್ತಿನಲ್ಲಿ ಢೀಲು ಬಿಡುವುದು ಈ ಕಾರಣದಿಂದಲೇ.

ಅಂದ ಮೇಲೆ ಗೆಲವು ಗಾಜಿನ ಪುಡಿಯದಲ್ಲ, ಗಾಳಿಯನ್ನೂ ದಾರವನ್ನೂ ಅರಿತ ಕೈಯದು. ವಿದ್ಯುತ್ ತಂತಿಗಳಿಂದಲೂ ಹೆದ್ದಾರಿಯಿಂದಲೂ ದೂರವಾದ ಬಯಲಿನಲ್ಲಿ, ಬರಿಯ ಹತ್ತಿಯ ದಾರದಿಂದ ಪತಂಗ ಏರಿಸುವ ತರುಣನು ಆಟವನ್ನೂ ಆಡಿದಂತಾಗುತ್ತದೆ, ಭೌತವಿಜ್ಞಾನದ ಒಂದು ಪಾಠವನ್ನೂ ಕಲಿತಂತಾಗುತ್ತದೆ. ಸಂಜೆ ಆಕಾಶದಿಂದ ಎಲ್ಲ ಪಟಗಳೂ ಇಳಿದ ಮೇಲೆ ಹಕ್ಕಿಗಳು ನಿರ್ಭಯವಾಗಿ ಗೂಡು ಸೇರುವಂತಿದ್ದರೆ ಅದೇ ನಿಜವಾದ ಪಟದ ಹಬ್ಬ.