ಮಜ್ಜೆಯ ಋಣ

ನಮ್ಮ ಶಕ್ತಿನಗರದ ಬೀದಿಯಲ್ಲಿ ಒಂದು ಸಾಕುನಾಯಿಯ ಒಸಡು ಸುಣ್ಣದಂತೆ ಬಿಳಿಚಿದ್ದನ್ನು ಕಂಡ ಮೇಲೆ ನಾನು ಈ ರೋಗದ ಬಗೆಗೆ ಓದತೊಡಗಿದೆ. ಮೈಯನ್ನು ಕಾಯಬೇಕಾದ ರಕ್ಷಕಶಕ್ತಿಯೇ ತನ್ನ ಕೆಂಪು ರಕ್ತಕಣಗಳನ್ನು ಹಗೆಯೆಂದು ಬಗೆದು ಕೊಲ್ಲುವ ಬೇನೆಯಿದು. ಎಷ್ಟೋ ವೇಳೆ ಕಾರಣ ತಿಳಿಯದು; ಕೆಲವೊಮ್ಮೆ ಉಣ್ಣಿ ಹರಡುವ ಬೆಬೀಸಿಯಾ ಎಂಬ ಸೂಕ್ಷ್ಮಜೀವಿ ಕಿಡಿ ಹಚ್ಚುತ್ತದೆ. ಪಶುವೈದ್ಯರ ಮುಖ್ಯ ಆಸರೆ ಪ್ರೆಡ್ನಿಸೊಲೋನ್; ತೀರ ಬಿಗಡಾಯಿಸಿದರೆ ಇನ್ನೊಂದು ನಾಯಿಯ ರಕ್ತ. ಕೊಬ್ಬಿನಿಂದಲೋ ಮಜ್ಜೆಯಿಂದಲೋ ತೆಗೆದ ಆಕರಕೋಶಗಳು ಈ ಅಂತಃಕಲಹವನ್ನು ತಣಿಸಬಲ್ಲವೇ ಎಂಬುದು ಇನ್ನೂ ಪರೀಕ್ಷೆಯಲ್ಲಿದೆ. ಅದನ್ನು ಸಿದ್ಧೌಷಧವೆಂದು ಮಾರುವವರನ್ನು ನಾನಂತೂ ನಂಬಲಾರೆ.

ವಿಪರ್ಯಾಸವೆಂದರೆ, ಆಕರಕೋಶಗಳ ತವರಾದ ಮಜ್ಜೆಯನ್ನು ಕಸಿಮಾಡುವ ವಿದ್ಯೆಯನ್ನು ಮನುಷ್ಯನಿಗೆ ಕಲಿಸಿದ್ದೇ ನಾಯಿ. 1950ರ ದಶಕದಲ್ಲಿ ಅಮೆರಿಕದ ಕೂಪರ್ಸ್‌ಟೌನಿನಲ್ಲಿ ಡಾನಲ್ ಥಾಮಸರು ಮತ್ತು ಅವರ ಸಂಗಡಿಗರು ವಿಕಿರಣದಿಂದ ನಾಯಿಗಳ ಮಜ್ಜೆಯನ್ನು ಬರಿದುಮಾಡಿ, ಬೇರೆ ನಾಯಿಗಳ ಮಜ್ಜೆಯನ್ನು ತುಂಬಿ ನೋಡಿದರು. ಸತ್ತವೇ ಹೆಚ್ಚು, ಬದುಕಿದ ಕೆಲವು ದಾರಿ ತೋರಿದವು. ಆ ದಾರಿಯಲ್ಲಿ ನಡೆದು ರಕ್ತಕ್ಯಾನ್ಸರಿನ ಎಷ್ಟೋ ರೋಗಿಗಳು ಉಳಿದರು; 1990ರಲ್ಲಿ ಥಾಮಸರಿಗೆ ನೊಬೆಲ್ ಪಾರಿತೋಷಕ ಬಂದಿತು. ನಾಯಿಗಳಿಗೆ ಆ ಕಸಿ ಇಂದಿಗೂ ಅಪರೂಪ. ಕೃಷ್ಣೆಯ ದಡದ ಈ ಊರಿನ ನಾಯಿಗೆ ಸದ್ಯಕ್ಕೆ ದೊರೆಯುವುದು ಆ ಹಳೆಯ ಮಾತ್ರೆಯೇ.