ಬಿ.ಎ., ಬಿ.ಎಸ್ಸಿ. ಓದುವವರಿಗೂ ನೆರವು ಏಕೆ? ತತ್ವಶಾಸ್ತ್ರ, ಭೌತವಿಜ್ಞಾನ, ರಾಜ್ಯಶಾಸ್ತ್ರದ ಬಗ್ಗೆ ದಾನಿಗಳಿಗೆ ಮತ್ತು ಪೋಷಕರಿಗೆ

ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆಗೆ ಕುಳಿತಾಗಲೆಲ್ಲ ದಾನಿಗಳಿಂದ ಒಂದು ಪ್ರಶ್ನೆ ಬರುತ್ತದೆ. ನರ್ಸಿಂಗ್, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕೊಟ್ಟರೆ ಮೂರು ನಾಲ್ಕು ವರ್ಷದಲ್ಲಿ ಮನೆಗೆ ಸಂಬಳ ಬರುತ್ತದೆ, ಬಿ.ಎ.ಯಲ್ಲಿ ರಾಜ್ಯಶಾಸ್ತ್ರ, ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಏನು ಸಿಗುತ್ತದೆ? ಇದು ನ್ಯಾಯವಾದ ಪ್ರಶ್ನೆ. ದಾನದ ಹಣಕ್ಕೆ, ಅದರಲ್ಲೂ ಜಕಾತ್ ಹಣಕ್ಕೆ, ನಾವು ಲೆಕ್ಕ ಕೊಡಬೇಕಾದವರು. ಆದ್ದರಿಂದ ಈ ವರ್ಷದ ವರದಿಯಲ್ಲಿ ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇವೆ.

ಮೊದಲು ಹಿನ್ನೆಲೆ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದೇಶದಲ್ಲಿ 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಅದು ಸುಮಾರು ಶೇ. 7. ಆ ಲೆಕ್ಕ 2001ರ ಜನಗಣತಿಯದು, ಈಗ ಸ್ಥಿತಿ ಬದಲಾಗಿದೆ. ಆದರೆ ಹೆಚ್ಚಿನ ಮನೆಗಳಲ್ಲಿ ಮೊದಲ ಪದವೀಧರರು ತಯಾರಾಗುವುದು ಇಂದಿಗೂ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೇ. ಬೇರೆ ದೇಶಗಳಲ್ಲಿ ಸಮುದಾಯ ಕಾಲೇಜು ಮಾಡುವ ಕೆಲಸವನ್ನು ನಮ್ಮಲ್ಲಿ ಮಾಡುತ್ತಿರುವುದು ಅದೇ: ಮನೆಯ ಹತ್ತಿರ, ಕಡಿಮೆ ಶುಲ್ಕ, ಅಂಕಗಳ ಪೈಪೋಟಿ ಅಷ್ಟಾಗಿ ಇಲ್ಲ. ಬೂದಿಕೋಟೆ, ಕಾಮಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಹೆಣ್ಣುಮಗಳಿಗೆ ಬೆಂಗಳೂರಿನ ಹಾಸ್ಟೆಲ್ ಎಂಬ ಆಯ್ಕೆಯೇ ಇರುವುದಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇರುವುದು ವೃತ್ತಿಪರ ಕೋರ್ಸ್‌ಗಳಿಗೆ. ಸಂಶೋಧನೆಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಸಾಮಾನ್ಯ ಪದವಿ ಓದುವ ಮಗು ಹೀಗೆ ಎರಡು ಕಡೆಯಿಂದಲೂ ಕೈಬಿಟ್ಟು ಹೋಗುತ್ತದೆ.

ಇನ್ನು ವಿಷಯಗಳ ಮಾತು. ಬಿ.ಎಸ್ಸಿ.ಯ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಸಿಇಟಿಯಲ್ಲಿ ಸೀಟು ಸಿಗದವರು ಸೇರುವ ಜಾಗ ಎಂಬ ಭಾವನೆ ನಮ್ಮ ಜನರಲ್ಲಿದೆ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು ಹಾಗೆ ಹೇಳಬಾರದು. ಬಿ.ವಿ. ಶ್ರೀಕಂಠನ್ ಎಂಬ ಯುವ ವಿಜ್ಞಾನಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1951ರಲ್ಲಿ ಇಲ್ಲಿನ ಗಣಿಗೆ ಇಳಿದರು. ಆಕಾಶದಿಂದ ಸದಾ ಸುರಿಯುವ ಮ್ಯೂಆನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ತೂರಿ ಹೋಗುತ್ತವೆ ಎಂದು ಅಳೆಯುವುದು ಅವರ ಕೆಲಸ. ಆಳಕ್ಕೆ ಹೋದಷ್ಟೂ ಅವು ಕಡಿಮೆಯಾಗುತ್ತಾ ಬಂದವು. ಹಾಗಿದ್ದರೆ ಅತಿ ಆಳದಲ್ಲಿ, ಬಂಡೆಯೇ ಉಳಿದೆಲ್ಲವನ್ನೂ ತಡೆದ ಮೇಲೆ, ಯಾವುದಕ್ಕೂ ತಡೆಯದೆ ಭೂಮಿಯನ್ನೇ ದಾಟಿ ಹೋಗುವ ನ್ಯೂಟ್ರಿನೊ ಕಣದ ಗುರುತು ಸಿಗಬಹುದು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಅದು ಸಿಕ್ಕಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಅಲ್ಲಿ ಕೆಲಸ ಮಾಡಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊವನ್ನು ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಇವರೂ ಸೇರಿದ್ದಾರೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡ ಕಂಡಿತು.

1980ರ ದಶಕದಲ್ಲಿ ಇದೇ ಗಣಿಯೊಳಗೆ ನೂರು ಟನ್ನಿಗೂ ಹೆಚ್ಚು ಕಬ್ಬಿಣ ಜೋಡಿಸಿ ಮತ್ತೊಂದು ಪ್ರಯೋಗ ನಡೆಯಿತು. ಒಡಿಶಾದ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ 1970ರ ದಶಕದಲ್ಲಿ ಮಂಡಿಸಿದ ಸಿದ್ಧಾಂತ ಪ್ರೋಟಾನ್ ಕೂಡ ಶಾಶ್ವತವಲ್ಲ, ಎಂದೋ ಒಮ್ಮೆ ಒಡೆಯುತ್ತದೆ ಎಂದು ಹೇಳುತ್ತಿತ್ತು. ಕೆಜಿಎಫ್ ತಂಡ ಅಂಥ ಕೆಲವು ಘಟನೆಗಳನ್ನು ಕಂಡಿರಬಹುದೆಂದು ವರದಿ ಮಾಡಿತು. ಮುಂದೆ ಜಪಾನಿನಲ್ಲಿ ಕಟ್ಟಿದ ಇನ್ನೂ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ, ಇಂದಿಗೂ ಯಾರಿಗೂ ಕಂಡಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆದರೆ ರಸಾಯನಶಾಸ್ತ್ರಕ್ಕೆ ಊರಲ್ಲಿ ಕೆಲಸ ಮುಗಿದಿಲ್ಲ. ಸೈನೈಡ್ ದ್ರಾವಣ ಅದಿರಿನ ಪುಡಿಯಿಂದ ಚಿನ್ನವನ್ನು ಹೇಗೆ ಕರಗಿಸಿ ತೆಗೆಯಿತು, ಉಳಿದ ಮಣ್ಣಿನ ದಿಬ್ಬಗಳಲ್ಲಿ ಈಗ ಏನೇನಿದೆ, ಗಾಳಿಗೆ ಏಳುವ ಧೂಳು ಮಕ್ಕಳ ಎದೆಗೆ ಏನು ಮಾಡುತ್ತದೆ ಎಂಬುದನ್ನು ಅಳೆದು ಹೇಳಬಲ್ಲವರು ಆ ದಿಬ್ಬಗಳ ಕೆಳಗಿನ ಬೀದಿಗಳಿಂದಲೇ ಬರಲಿ ಎಂಬುದು ನಮ್ಮ ಆಸೆ.

ಕಂಡಿದ್ದು ನಿಜವೇ, ಎಷ್ಟು ಕಂಡರೆ ನಂಬಬಹುದು, ಕಾಣದಿದ್ದರೆ ಇಲ್ಲವೆಂದು ಹೇಳಬಹುದೇ: ಪ್ರೋಟಾನ್ ಪ್ರಯೋಗ ಎತ್ತಿದ ಈ ಪ್ರಶ್ನೆಗಳು ತತ್ವಶಾಸ್ತ್ರದ್ದೂ ಹೌದು. ಶ್ರೀಕಂಠನ್ ಅವರೇ ಟಾಟಾ ಸಂಸ್ಥೆಯ ನಿರ್ದೇಶಕರಾಗಿ ನಿವೃತ್ತರಾದ ಮೇಲೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕುಳಿತು ವಿಜ್ಞಾನದ ತಾತ್ವಿಕ ಬುನಾದಿಯ ಬಗ್ಗೆ ಬರೆದರು. ನಮ್ಮಲ್ಲಿ ಕೆಲವು ಹಿರಿಯರಿಗೆ ತತ್ವಶಾಸ್ತ್ರ ಎಂದರೆ ಮಕ್ಕಳ ಈಮಾನ್ ಸಡಿಲವಾದೀತೆಂಬ ಅಂಜಿಕೆ. ಕುರ್ತುಬಾದ ಖಾಜಿಯಾಗಿದ್ದ ಇಬ್ನ್ ರುಶ್ದ್ ಹನ್ನೆರಡನೇ ಶತಮಾನದಲ್ಲೇ ಈ ಪ್ರಶ್ನೆಯನ್ನು ಎತ್ತಿಕೊಂಡು, ಯೋಗ್ಯತೆ ಇರುವವರು ಅದನ್ನು ಓದುವುದು ಕರ್ತವ್ಯ ಎಂದು ವಾದಿಸಿದರು. ತತ್ವಜ್ಞಾನಿಗಳನ್ನು ಕಟುವಾಗಿ ಟೀಕಿಸಿದ ಇಮಾಮ್ ಗಝಾಲಿ ಕೂಡ ತರ್ಕವನ್ನು ಬಿಡಲಿಲ್ಲ. ತಮ್ಮ ಫಿಕ್ಹ್ ತತ್ವಗಳ ಗ್ರಂಥವನ್ನು ತರ್ಕದ ಪಾಠದಿಂದಲೇ ಆರಂಭಿಸಿದರು. ಮದರಸಾದಲ್ಲಿ ಮಂತಿಖ್ ಓದಿದ ಹುಡುಗನಿಗೆ ಪಿಯುಸಿಯ ತರ್ಕಶಾಸ್ತ್ರ ಹೊಸತಲ್ಲ. ತೊಂದರೆ ಇರುವುದು ಬೇರೆ ಕಡೆ: ಪದವಿಯಲ್ಲಿ ತತ್ವಶಾಸ್ತ್ರ ಕಲಿಸುವ ಕಾಲೇಜುಗಳು ರಾಜ್ಯದಲ್ಲೇ ಕೆಲವು. ಆಸಕ್ತಿ ಇರುವವರು ಇಗ್ನೋ ಮೂಲಕ ಮನೆಯಲ್ಲೇ ಓದಬಹುದು. ಮದುವೆಯ ನಂತರ ಓದು ನಿಂತ ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. ಆ ಶುಲ್ಕವನ್ನೂ ನಾವು ಪರಿಗಣಿಸುತ್ತೇವೆ.

ರಾಜ್ಯಶಾಸ್ತ್ರದ ಪಾಠ ಈ ತಾಲ್ಲೂಕುಗಳಲ್ಲಿ ಮನೆ ಬಾಗಿಲಲ್ಲೇ ಇದೆ. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಕ್ಯಾಸಂಬಳ್ಳಿಯವರು. ಲಂಡನ್ನಿನ ಕಂಪನಿ ನಡೆಸುತ್ತಿದ್ದ ಗಣಿಯನ್ನು 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ತೆಗೆದುಕೊಂಡಿತು; ಮುಚ್ಚುವ ತೀರ್ಮಾನವೂ ದೆಹಲಿಯದೇ. ಕೆಜಿಎಫ್, ಬಂಗಾರಪೇಟೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನಮ್ಮವರು ಇಲ್ಲಿ ಏಕೆ ನಿಲ್ಲುವಂತಿಲ್ಲ ಎಂದು ಹುಡುಗರು ಚಹಾ ಅಂಗಡಿಯಲ್ಲಿ ಸಿಟ್ಟಾಗುವುದುಂಟು. ಸಂವಿಧಾನದ 332ನೇ ವಿಧಿ ಏನು ಹೇಳುತ್ತದೆ, ಕ್ಷೇತ್ರ ಮರುವಿಂಗಡಣೆ ಹೇಗೆ ನಡೆಯುತ್ತದೆ, ಗಣಿ ಕಾರ್ಮಿಕರ ದಲಿತ ಮನೆಗಳ ಇತಿಹಾಸವೇನು ಎಂದು ಓದಿದವನು ಅದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುತ್ತಾನೆ. ನೀರಿನ ವಿಷಯವೂ ಹಾಗೆಯೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಕೇ ಎಂಬುದು ರಸಾಯನಶಾಸ್ತ್ರ. ಮೂರನೇ ಹಂತ ಬೇಕೆಂದು ಯಾರ ಮುಂದೆ, ಯಾವ ಕಾಯ್ದೆಯಡಿ ಕೇಳಬೇಕು ಎಂಬುದು ರಾಜ್ಯಶಾಸ್ತ್ರ. ನಗರ ಬಳಸಿ ಬಿಟ್ಟ ನೀರನ್ನು ಹಳ್ಳಿ ಒಪ್ಪಿಕೊಳ್ಳಬೇಕೇ ಎಂಬುದಕ್ಕೆ ಮಾಪಕವೂ ಇಲ್ಲ, ಕಾಯ್ದೆಯೂ ಇಲ್ಲ, ಕೂತು ಯೋಚಿಸಬೇಕು.

ಹೊಟ್ಟೆಪಾಡಿನ ಮಾತನ್ನೂ ಮುಚ್ಚಿಡುವುದಿಲ್ಲ. ಬರೀ ಪದವಿ ಪ್ರಮಾಣಪತ್ರದಿಂದ ಕೆಲಸ ಸಿಗುವುದು ಕಷ್ಟ. ಅದರ ಮೇಲೆ ಇನ್ನೊಂದು ಮೆಟ್ಟಿಲು ಬೇಕು: ಬಿ.ಇಡಿ. ಮತ್ತು ಟಿಇಟಿ ಮಾಡಿದರೆ ಶಿಕ್ಷಕ ಹುದ್ದೆ, ಮೂರು ವರ್ಷದ ಎಲ್‌ಎಲ್‌ಬಿ ಮಾಡಿದರೆ ವಕೀಲಿ, ಅದಕ್ಕೆ ಕೆಜಿಎಫ್‌ನಲ್ಲೇ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜಿದೆ, ಪಿಡಿಒ, ಎಫ್‌ಡಿಎ ಹುದ್ದೆಗಳಿಗೆ ಯಾವುದೇ ಪದವಿ ಸಾಕು, ಆದರೆ ಸ್ಪರ್ಧಾತ್ಮಕ ಪರೀಕ್ಷೆ ಗೆಲ್ಲಬೇಕು, ಎಂ.ಎ., ಎಂ.ಎಸ್ಸಿ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು ಅಧ್ಯಾಪಕರಾಗಬಹುದು. ನಮಗೆ ನೋವು ತರುವುದು ಎರಡನೇ ವರ್ಷಕ್ಕೇ ಓದು ಬಿಟ್ಟು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಅಂಗಡಿ ಕೆಲಸಕ್ಕೆ ಹೋಗುವ ಹುಡುಗರು. ಮನೆಯ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಅರ್ಧ ಪದವಿಗೆ ಯಾವ ಬೆಲೆಯೂ ಇಲ್ಲ. ಅದಕ್ಕೇ ಈ ವರ್ಷದಿಂದ ನೆರವನ್ನು ಮೊದಲ ವರ್ಷಕ್ಕಷ್ಟೇ ಅಲ್ಲ, ಪದವಿ ಮುಗಿಯುವವರೆಗೆ ಕೊಡಲು, ಮುಗಿಸಿದವರ ಬಿ.ಇಡಿ. ಅಥವಾ ಎಲ್‌ಎಲ್‌ಬಿ ಅರ್ಜಿಗೆ ಆದ್ಯತೆ ನೀಡಲು ತೀರ್ಮಾನಿಸಿದ್ದೇವೆ. ಬಿ.ಎ., ಬಿ.ಎಸ್ಸಿ. ಅರ್ಜಿಗಳನ್ನು ವೃತ್ತಿಪರ ಕೋರ್ಸ್‌ಗಳ ನಂತರ ನೋಡುವ ಪದ್ಧತಿ ಇನ್ನು ಇಲ್ಲ.

ಪೋಷಕರು ಗಮನಿಸಬೇಕಾದ್ದು: ಬಿ.ಎಸ್ಸಿ. ಸೇರಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಬಿ.ಎ.ಗೆ ಯಾವ ವಿಭಾಗದವರಾದರೂ ಸೇರಬಹುದು. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಎಚ್‌ಇಪಿ ಸೇರಿದಂತೆ ಯಾವ ವಿಷಯಗಳ ಜೋಡಿ ಇದೆ ಎಂದು ಕಾಲೇಜಿನಲ್ಲಿ ವಿಚಾರಿಸಿಯೇ ಶುಲ್ಕ ಕಟ್ಟಿ. ಸರ್ಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಮೊದಲು ಅರ್ಜಿ ಹಾಕಿ, ಆ ಸ್ವೀಕೃತಿಯನ್ನು ನಮ್ಮ ಅರ್ಜಿಯೊಂದಿಗೆ ಲಗತ್ತಿಸಿ. ಅದು ಮಂಜೂರಾದರೂ ನಮ್ಮ ನೆರವು ನಿಲ್ಲುವುದಿಲ್ಲ, ಮೊತ್ತ ಹೊಂದಿಸಲಾಗುವುದು. ಜೊತೆಗೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹಿಂದಿನ ವರ್ಷದ ಅಂಕಪಟ್ಟಿ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ವಿದ್ಯಾರ್ಥಿಯದೇ ಬ್ಯಾಂಕ್ ಖಾತೆಯ ಪಾಸ್‌ಬುಕ್ ಪ್ರತಿ ಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ; ಗಂಡುಮಕ್ಕಳ ಬಸ್ ಪಾಸ್, ರೈಲಿನ ಸೀಸನ್ ಟಿಕೆಟ್ ಖರ್ಚಿಗೆ ರಸೀದಿ ಇಟ್ಟುಕೊಳ್ಳಿ. ನವೀಕರಣಕ್ಕೆ ಅಂಕಪಟ್ಟಿ ಮತ್ತು ಹಾಜರಾತಿ ಪತ್ರ ಸಾಕು. ಒಂದು ವಿಷಯದಲ್ಲಿ ಫೇಲಾದ ಕಾರಣಕ್ಕೆ ನೆರವು ನಿಲ್ಲಿಸುವುದಿಲ್ಲ, ಆದರೆ ವಿದ್ಯಾರ್ಥಿಯನ್ನು ಮತ್ತು ತಂದೆ ಅಥವಾ ತಾಯಿಯನ್ನು ಕರೆದು ಮಾತನಾಡುತ್ತೇವೆ.